ಹೋದ ವರ್ಷದ ಕ್ಯಾಮ್ರಿಯೋ, ಬರುವ ವರ್ಷದ್ದೋ?

ನ್ಯೂಜೆರ್ಸಿಯಲ್ಲಿ ಭಾನುವಾರ ಕಾರು ಮಾರುವಂತಿಲ್ಲ. ಕಾನೂನೇ ಹಾಗಿದೆ. ಶೋರೂಮ್ ಬಾಗಿಲು ಹಾಕಿರುತ್ತದೆ, ಆದರೆ ಹೊರಗೆ ಸಾಲಾಗಿ ನಿಲ್ಲಿಸಿದ ಕಾರುಗಳನ್ನು ಸುತ್ತಾಡಿ ನೋಡುವುದಕ್ಕೆ ಹೆಚ್ಚಿನ ಕಡೆ ಯಾರ ಅಡ್ಡಿಯೂ ಇರುವುದಿಲ್ಲ. ಅದಕ್ಕೇ ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಕಾರು ಕೊಳ್ಳಬೇಕು ಅಂದಾಗ ನಾನು ಮೊದಲು ಹೇಳುವುದು, ಭಾನುವಾರ ಹೋಗಿ ಅಂತ. ಬೆನ್ನು ಹತ್ತುವ ಸೇಲ್ಸ್‌ಮನ್ ಇಲ್ಲ, "ಇವತ್ತೇ ಬುಕ್ ಮಾಡಿದರೆ ಮಾತ್ರ ಈ ರೇಟು" ಅನ್ನುವ ಗಡಿಬಿಡಿ ಇಲ್ಲ. ಕಿಟಕಿಗೆ ಅಂಟಿಸಿದ ಚೀಟಿಯನ್ನು ನಿಧಾನಕ್ಕೆ ಓದಿಕೊಳ್ಳಬಹುದು.

ಈ ಚೀಟಿಯ ಬಗ್ಗೆ ಹೇಳಲೇಬೇಕು. ಪ್ರತಿ ಹೊಸ ಕಾರಿಗೂ ಅದು ಇರಲೇಬೇಕು ಅಂತ 1958ರಲ್ಲೇ ಇಲ್ಲಿ ಕಾಯ್ದೆ ಬಂತು. ತಂದವರು ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ, ಹಾಗಾಗಿ ಈಗಲೂ ಅದನ್ನು ಮನ್ರೋನಿ ಸ್ಟಿಕ್ಕರ್ ಅಂತಲೇ ಕರೆಯುತ್ತಾರೆ. ಕಂಪನಿ ಹೇಳುವ ಬೆಲೆ, ಒಂದೊಂದು ಆಪ್ಷನ್‌ನ ಬೆಲೆ, ಫ್ಯಾಕ್ಟರಿಯಿಂದ ಇಲ್ಲಿಗೆ ತಂದ ಸಾಗಣೆ ಖರ್ಚು, ಮೈಲೇಜು, ಸುರಕ್ಷತೆಯ ನಕ್ಷತ್ರಗಳು, ಎಲ್ಲ ಒಂದೇ ಹಾಳೆಯಲ್ಲಿ. ನಮ್ಮ ಊರಲ್ಲೂ ಇಂಥದ್ದೊಂದು ಬಂದರೆ ಎಷ್ಟು ಒಳ್ಳೆಯದು ಅಲ್ವಾ?

2024ರ ಬೇಸಿಗೆಯಲ್ಲಿ ನಾವು ಹೀಗೆ ಒಂದು ಭಾನುವಾರ ಹೋದಾಗ ಒಂದೇ ಸಾಲಿನಲ್ಲಿ ಎರಡು ಟೊಯೋಟಾ ಕ್ಯಾಮ್ರಿ ನಿಂತಿದ್ದವು. ಎರಡೂ ಹೊಚ್ಚ ಹೊಸವು. ಒಂದು 2024ರ ಮಾಡೆಲ್, ಇನ್ನೊಂದು 2025ರದ್ದು. ಹಾಸನದಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಇನ್ನೂ 24 ಅರ್ಧವೂ ಮುಗಿದಿಲ್ಲ, 25 ಎಲ್ಲಿಂದ ಬಂತು?" ಅಂದ. ಊರಿನವರು ಕೇಳುವ ಪ್ರಶ್ನೆಯೇ ಅದು. ನಮ್ಮಲ್ಲಿ ಕಾರಿನ ವಯಸ್ಸು ಅಂದರೆ ಅದು ತಯಾರಾದ ತಿಂಗಳು, ವರ್ಷ. ಆರ್‌ಸಿಯಲ್ಲಿ ಬರೆದಿರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಾಡೆಲ್ ವರ್ಷ. ನಿಯಮದ ಪ್ರಕಾರ ಒಂದು ಮಾಡೆಲ್ ವರ್ಷದ ಕಾರನ್ನು ಅದರ ಹಿಂದಿನ ವರ್ಷದ ಜನವರಿ 2ರಿಂದಲೇ ತಯಾರಿಸಬಹುದು. ಹಾಗಾಗಿ 2024ರ ಏಪ್ರಿಲ್‌ನಲ್ಲಿ ಕೆಂಟಕಿಯ ಜಾರ್ಜ್‌ಟೌನ್ ಫ್ಯಾಕ್ಟರಿಯಿಂದ ಹೊರಬಿದ್ದ ಕಾರು ಕಾಗದದಲ್ಲಿ 2025 ಆಗಿರುತ್ತದೆ.

ಇದನ್ನು ನಾವೇ ಪರೀಕ್ಷಿಸಬಹುದು. ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಡ್ರೈವರ್ ಕಡೆ, 17 ಅಕ್ಷರ-ಅಂಕಿಗಳ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, ಕಾಣುತ್ತದೆ. ಅದರಲ್ಲಿ ಹತ್ತನೆಯದು ಮಾಡೆಲ್ ವರ್ಷ. ಪಿ ಅಂದರೆ 2023, ಆರ್ ಅಂದರೆ 2024, ಎಸ್ ಅಂದರೆ 2025, ಟಿ ಅಂದರೆ 2026. ನಡುವೆ ಕ್ಯೂ ಬರುವುದಿಲ್ಲ, ಸೊನ್ನೆ ಅಂತ ಓದಿಬಿಡುತ್ತಾರೆ ಅಂತ ಅದನ್ನು ಬಿಟ್ಟಿದ್ದಾರೆ. ನಿಜವಾಗಿ ತಯಾರಾದ ತಿಂಗಳು ಬೇಕಾದರೆ ಡ್ರೈವರ್ ಬಾಗಿಲು ತೆಗೆದು ಚೌಕಟ್ಟಿನ ಮೇಲಿನ ಸ್ಟಿಕ್ಕರ್ ನೋಡಬೇಕು. ಆ ಎರಡು ಕ್ಯಾಮ್ರಿಗಳ ಗಾಜಿಗೆ ಮುಖ ಹತ್ತಿರ ತಂದು ನನ್ನ ಹೆಂಡತಿ ಆರ್ ಯಾವುದು, ಎಸ್ ಯಾವುದು ಅಂತ ಓದಿ ಹೇಳಿದಳು.

ಈಗ ಮುಖ್ಯ ವಿಷಯ. ಹಳೆಯ ಮಾಡೆಲ್ ವರ್ಷದ ಕಾರು ಉಳಿದಿದ್ದರೆ ಡೀಲರ್ ಬೆಲೆ ಇಳಿಸುತ್ತಾನೆ. ತಗೊಳ್ಳಬೇಕಾ, ಬೇಡವಾ? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ನನ್ನ ಪ್ರಕಾರ ನೋಡಬೇಕಾದ್ದು ಎರಡು: ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ. ಬಣ್ಣ, ಪರದೆ, ಸೀಟಿನ ಹೊಲಿಗೆ ಎಲ್ಲ ಆಮೇಲೆ.

ಅದಕ್ಕೂ ಮೊದಲು ಒಂದು ಮಾತು ತಿಳಿದುಕೊಳ್ಳಬೇಕು. ಹೊಸ ವರ್ಷದ ಮಾಡೆಲ್‌ನಲ್ಲಿ ನಿಜವಾಗಿ ಏನು ಬದಲಾಗಿದೆ? ಎಷ್ಟೋ ವರ್ಷ ಏನೂ ಬದಲಾಗಿರುವುದಿಲ್ಲ. ಒಂದು ಹೊಸ ಬಣ್ಣ, ಒಂದಷ್ಟು ಬೆಲೆ ಏರಿಕೆ, ಅಷ್ಟೇ. ಪ್ರತಿ ವರ್ಷ ಹೊಸ ಮಾಡೆಲ್ ಅನ್ನುವ ಈ ಪದ್ಧತಿಯನ್ನು 1920ರ ದಶಕದಲ್ಲಿ ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ಬೆಳೆಸಿದ್ದೇ ಜನರಿಗೆ ತಮ್ಮ ಕಾರು ಹಳತಾಯಿತು ಅನ್ನಿಸಲಿ ಅಂತ. ಅಂಥ ವರ್ಷದಲ್ಲಿ, ತುಂಬ ದಿನ ಇಟ್ಟುಕೊಳ್ಳುವವರು ಸುಮ್ನೆ ಹಳೆಯದನ್ನು ತಗೊಳ್ಳಿ. ಯೋಚನೆ ಬೇಕಾಗುವುದು ಪೂರ್ತಿ ಬದಲಾದ ವರ್ಷದಲ್ಲಿ.

2025ರ ಕ್ಯಾಮ್ರಿ ಅಂಥದ್ದು. ಆ ವರ್ಷದಿಂದ ಇಲ್ಲಿ ಕ್ಯಾಮ್ರಿ ಅಂದರೆ ಹೈಬ್ರಿಡ್ ಮಾತ್ರ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಕಾರು. 301 ಹಾರ್ಸ್‌ಪವರ್‌ನ ವಿ6 ಎಂಜಿನ್ ಹೋಯಿತು, ಬರೀ ಪೆಟ್ರೋಲ್‌ನ ನಾಲ್ಕು ಸಿಲಿಂಡರ್ ಕಾರೂ ಹೋಯಿತು. ಎಲ್‌ಇ ಅನ್ನುವ ಟ್ರಿಮ್ (ದರ್ಜೆ) ತಗೊಂಡರೆ, 2024ರ ಪೆಟ್ರೋಲ್ ಕಾರಿನ ಆರಂಭದ ಬೆಲೆ 26,420 ಡಾಲರ್ ಇತ್ತು, ಮೈಲೇಜು ಗ್ಯಾಲನ್‌ಗೆ ಸರಾಸರಿ 32 ಮೈಲಿ. 2025ರ ಎಲ್‌ಇ ಹೈಬ್ರಿಡ್‌ಗೆ ಆಗ 28,400 ಡಾಲರ್ ಇತ್ತು, ಮೈಲೇಜು 51. ಸಾಗಣೆ, ತೆರಿಗೆ ಬೇರೆ. ಅಂದರೆ ಸ್ಟಿಕ್ಕರ್‌ನಲ್ಲಿ ವ್ಯತ್ಯಾಸ 1,980 ಡಾಲರ್.

ಪೂರ್ತಿ ಬದಲಾದ ಮಾಡೆಲ್‌ನ ಮೊದಲ ವರ್ಷ ತಗೊಳ್ಳಬೇಡಿ, ತೊಂದರೆ ಜಾಸ್ತಿ ಅನ್ನುವ ಮಾತಿದೆ. ಅದರಲ್ಲಿ ಹುರುಳಿದೆ. ಆದರೆ ಮೇಲಿನ ಮೈ ಹೊಸದಾ, ಒಳಗಿನ ಯಂತ್ರ ಹೊಸದಾ ಅಂತ ಬೇರೆ ಬೇರೆ ನೋಡಬೇಕು. 2025ರ ಕ್ಯಾಮ್ರಿ ನಿಂತಿರುವುದು ಹಿಂದಿನ ಕ್ಯಾಮ್ರಿಯ ಅಡಿಪಾಯದ ಮೇಲೇ. 2.5 ಲೀಟರ್ ಎಂಜಿನ್ನೂ ಹೊಸ ಪ್ರಯೋಗವಲ್ಲ. ಹೈಬ್ರಿಡ್ ಬ್ಯಾಟರಿಗೆ ಕಂಪನಿಯೇ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಕೊಡುತ್ತದೆ. ಹಾಗಾಗಿ ಆ ಭಯ ನನಗೆ ಇರಲಿಲ್ಲ.

ಈಗ ಲೆಕ್ಕ. ವರ್ಷಕ್ಕೆ 15,000 ಮೈಲಿ ಓಡಿಸಿದರೆ 2024ರ ಪೆಟ್ರೋಲ್ ಕಾರಿಗೆ ಸುಮಾರು 469 ಗ್ಯಾಲನ್ ಬೇಕು, 2025ಕ್ಕೆ 294. ಉಳಿಯುವುದು 175 ಗ್ಯಾಲನ್. ಗ್ಯಾಲನ್‌ಗೆ 3 ಡಾಲರ್ ಅಂತ ಇಟ್ಟುಕೊಂಡರೆ ವರ್ಷಕ್ಕೆ 525 ಡಾಲರ್. ಸ್ಟಿಕ್ಕರ್‌ನ ವ್ಯತ್ಯಾಸ ನಾಲ್ಕು ವರ್ಷದೊಳಗೆ ವಾಪಸು ಬರುತ್ತದೆ. ಆದರೆ ಹಳೆಯದರ ಮೇಲೆ ಡೀಲರ್ ಇನ್ನೊಂದು 1,500 ಇಳಿಸಿದ ಅಂತಿಟ್ಟುಕೊಳ್ಳಿ, ಆಗ ವ್ಯತ್ಯಾಸ 3,480 ಆಗುತ್ತದೆ, ವಾಪಸು ಬರಲು ಆರೂವರೆ ವರ್ಷ ಬೇಕು. ಅದೇ ವರ್ಷಕ್ಕೆ 8,000 ಮೈಲಿ ಮಾತ್ರ ಓಡಿಸುವವರಿಗೆ ಉಳಿತಾಯ 280 ಡಾಲರ್ ಅಷ್ಟೇ, 3,480 ವಾಪಸು ಬರಲು ಹನ್ನೆರಡು ವರ್ಷ ದಾಟುತ್ತದೆ. ಅದೇ ಎರಡು ಕಾರು, ಆದರೆ ಮನೆಯಿಂದ ಮನೆಗೆ ಉತ್ತರ ಬೇರೆ.

ನಮ್ಮ ಕಾಂಪ್ಲೆಕ್ಸ್‌ನಲ್ಲೇ ಇದು ಆಯಿತು. ಮೇಲಿನ ಮನೆಯ ಗೆಳೆಯ ದಾವಣಗೆರೆಯವನು. ಮೆಟ್ರೋಪಾರ್ಕ್ ಸ್ಟೇಷನ್‌ನಲ್ಲಿ ರೈಲು ಹತ್ತಿ ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಲ್ಲಿ ಇಳಿಯುತ್ತಾನೆ. ಕಾರು ಬೇಕಾಗುವುದು ಸ್ಟೇಷನ್ನಿಗೆ, ಓಕ್ ಟ್ರೀ ರಸ್ತೆಯ ಅಂಗಡಿಗೆ, ಮಕ್ಕಳ ಕನ್ನಡ ಕ್ಲಾಸಿಗೆ. ಗ್ರೀನ್ ಕಾರ್ಡ್ ಕೈಯಲ್ಲಿದೆ, ಕಾರು ತಗೊಂಡರೆ ಹತ್ತು ವರ್ಷ ಓಡಿಸುವವನು. ಅವನಿಗೆ ನಾನೇ 2024 ತಗೋ ಅಂದೆ. ತಗೊಂಡ. ಒಳ್ಳೆ ಬೆಲೆಗೇ ಸಿಕ್ಕಿತು.

ನಮ್ಮ ಪರಿಸ್ಥಿತಿ ಬೇರೆ. ನಾನು ದಿನಾ ರೂಟ್ 1 ಹಿಡಿದು ಓಡಾಡುವವನು, ಮೈಲಿ ಜಾಸ್ತಿ. ಅದಕ್ಕಿಂತ ದೊಡ್ಡ ವಿಷಯ ವೀಸಾ. ಎಚ್-1ಬಿಯಲ್ಲಿ ಇರುವವರ ಬದುಕು ಊರಿನವರಿಗೆ ಪೂರ್ತಿ ಅರ್ಥವಾಗುವುದು ಕಷ್ಟ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಗಬೇಕು, ಇಲ್ಲವಾದರೆ ಬೇರೆ ದಾರಿ ನೋಡಬೇಕು ಅಥವಾ ಗಂಟುಮೂಟೆ ಕಟ್ಟಬೇಕು. ಗ್ರೀನ್ ಕಾರ್ಡ್ ಸರದಿಯಲ್ಲಿ ಭಾರತೀಯರು ವರ್ಷಗಟ್ಟಲೆ, ದಶಕಗಟ್ಟಲೆ ಕಾಯುತ್ತಾರೆ. ಹಾಗಾಗಿ "ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ" ಅನ್ನುವ ಪ್ರಶ್ನೆಗೆ ನಮ್ಮಂಥವರ ಹತ್ತಿರ ಉತ್ತರವೇ ಇಲ್ಲ. ಹತ್ತು ವರ್ಷ ಆಗಬಹುದು, ಮುಂದಿನ ಮಾರ್ಚ್ ಆಗಬಹುದು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಆತುರದಲ್ಲಿ ಮಾರುವಾಗ ಮಾಡೆಲ್ ವರ್ಷ ಬಹಳ ಮುಖ್ಯ. ಸೆಕೆಂಡ್ ಹ್ಯಾಂಡ್ ಬೆಲೆ ಹೇಳುವ ಕೆಲ್ಲಿ ಬ್ಲೂ ಬುಕ್ ಆಗಲಿ, ಎಡ್ಮಂಡ್ಸ್ ಆಗಲಿ ಮೊದಲು ಕೇಳುವುದು ವರ್ಷ. ನೀವು ಕೊಂಡ ದಿನಾಂಕ ಅವರಿಗೆ ಬೇಡ. 2024ರ ಡಿಸೆಂಬರ್‌ನಲ್ಲಿ ಕೊಂಡ 2024ರ ಕಾರು ಜನವರಿ ಹೊತ್ತಿಗೆ ಲೆಕ್ಕದಲ್ಲಿ ಒಂದು ವರ್ಷ ಹಳೆಯದು. ಹಾಗಾದರೆ ಎಷ್ಟು ರಿಯಾಯಿತಿ ಸಿಕ್ಕರೆ ಸರಿಹೋಗುತ್ತದೆ? ನಾನು ಹೀಗೆ ನೋಡುತ್ತೇನೆ: ಅದೇ ಕಾರು, ಅದೇ ಟ್ರಿಮ್, ಹೆಚ್ಚುಕಡಿಮೆ ಅಷ್ಟೇ ಮೈಲಿ ಓಡಿದ್ದು, ಎರಡು ವರ್ಷ ಹಳೆಯದಕ್ಕೆ ಎಷ್ಟು ಕೇಳುತ್ತಿದ್ದಾರೆ, ಮೂರು ವರ್ಷ ಹಳೆಯದಕ್ಕೆ ಎಷ್ಟು. ಆ ಎರಡರ ನಡುವಿನ ವ್ಯತ್ಯಾಸವೇ ಒಂದು ವರ್ಷದ ಬೆಲೆ. ಡೀಲರ್ ಕೊಡುವ ರಿಯಾಯಿತಿ ಅದಕ್ಕಿಂತ ಕಡಿಮೆ ಇದ್ದರೆ, ಬೇಗ ಮಾರಬೇಕಾಗಿ ಬರಬಹುದಾದವರು ಹೊಸದನ್ನೇ ತಗೊಳ್ಳುವುದು ಒಳ್ಳೆಯದು. ನಾವು 2025 ತಗೊಂಡಿದ್ದು ಇದೇ ಕಾರಣಕ್ಕೆ. ಮತ್ತೆ ಡೌನ್ ಪೇಮೆಂಟ್ ಜಾಸ್ತಿ ಕಟ್ಟಿದೆವು. ಕಾರಿನ ಬೆಲೆಗಿಂತ ಸಾಲವೇ ಜಾಸ್ತಿ ಇದ್ದರೆ ಮಾರುವ ದಿನ ಕೈಯಿಂದಲೇ ಹಣ ಹಾಕಿ ಸಾಲ ತೀರಿಸಬೇಕಾಗುತ್ತದೆ, ಕೆಲಸ ಇಲ್ಲದ ಹೊತ್ತಲ್ಲಿ ಅದು ಯಾರಿಗೂ ಬೇಡ. ವೀಸಾದಲ್ಲಿ ಇರುವವರು ಆರು ವರ್ಷದ ಸಾಲಕ್ಕೆ ಸಹಿ ಹಾಕುವ ಮುಂಚೆ ಇದನ್ನು ದಯವಿಟ್ಟು ಯೋಚಿಸಿ.

ಹಳೆಯ ವರ್ಷದ ಕಾರೇ ಸರಿ ಅಂತ ತೀರ್ಮಾನಿಸಿದವರು ನೋಡಬೇಕಾದ್ದು ಇನ್ನೊಂದಿಷ್ಟು ಇದೆ. ವಾರಂಟಿ ಶುರುವಾಗುವುದು ಮಾಡೆಲ್ ವರ್ಷದಿಂದ ಅಲ್ಲ, ಕಾರು ಮೊದಲು ಬಳಕೆಗೆ ಬಂದ ದಿನದಿಂದ. ಹಾಗಾಗಿ ಅಂಗಳದಲ್ಲಿ ಎಷ್ಟು ತಿಂಗಳು ನಿಂತಿದ್ದರೂ ಪೂರ್ತಿ ವಾರಂಟಿ ನಿಮ್ಮದೇ. ಆದರೆ ಡೀಲರ್ ಅದನ್ನು ಡೆಮೊ ಕಾರಾಗಿ ಅಥವಾ ಸರ್ವಿಸ್‌ಗೆ ಬಂದವರಿಗೆ ಕೊಡುವ ಕಾರಾಗಿ ಓಡಿಸಿದ್ದರೆ ವಾರಂಟಿ ಆಗಲೇ ಶುರುವಾಗಿರಬಹುದು. ಓಡೋಮೀಟರ್ ನೋಡಿ, ಬಾಯಿಬಿಟ್ಟು ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3223 ಅಂದರೆ 2023ರ 32ನೇ ವಾರ ತಯಾರಾದದ್ದು. ತುಂಬ ದಿನ ನಿಂತ ಕಾರಿನ 12 ವೋಲ್ಟ್ ಬ್ಯಾಟರಿ ಪರೀಕ್ಷಿಸಲು ಹೇಳಿ. ರಿಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ವಾಪಸು ಕರೆಯುವುದು, ಏನಾದರೂ ಬಾಕಿ ಇದೆಯಾ ಅಂತ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿನ್ ನಂಬರ್ ಹಾಕಿ ನೋಡಬಹುದು, ಉಚಿತ.

ಬೆಲೆಯ ಮಾತಿಗೆ ಬಂದರೆ, ಇಲ್ಲಿ ಸ್ಟಿಕ್ಕರ್ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ನ್ಯೂಜೆರ್ಸಿಯಲ್ಲಿ 6.625 ಶೇಕಡಾ ಸೇಲ್ಸ್ ಟ್ಯಾಕ್ಸ್. ಅದರ ಮೇಲೆ ಡೀಲರ್‌ನ ಕಾಗದಪತ್ರದ ಶುಲ್ಕ, ಕೆಲವು ರಾಜ್ಯದಲ್ಲಿ ಇದಕ್ಕೆ ಮಿತಿ ಇದೆ, ಇಲ್ಲಿ ಇಲ್ಲ. ಒಬ್ಬ ಡೀಲರ್ ನಮಗೆ 2024ರ ಮೇಲೆ ದೊಡ್ಡ ರಿಯಾಯಿತಿ ಹೇಳಿ, ಆಮೇಲೆ ಪೇಂಟ್ ಕೋಟಿಂಗ್, ಟಯರ್‌ಗೆ ನೈಟ್ರೋಜನ್, ಕಳ್ಳತನ ತಡೆಯುವ ಗುರುತು ಅಂತ ಒಂದೊಂದೇ ಸೇರಿಸಿ ರಿಯಾಯಿತಿಯಲ್ಲಿ ಮುಕ್ಕಾಲು ಪಾಲು ವಾಪಸು ತಗೊಂಡಿದ್ದ. ಸಿಟ್ಟು ಬಂತು, ಎದ್ದು ಬಂದೆವು. ಅದಕ್ಕೇ ಎಲ್ಲ ಸೇರಿ ಕೊನೆಗೆ ಎಷ್ಟು ಅನ್ನುವ ಒಂದೇ ಅಂಕಿಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ, ಎರಡೂ ವರ್ಷದ ಕಾರಿಗೆ. ಹೋಲಿಸಬೇಕಾದ್ದು ಆ ಎರಡು ಅಂಕಿಗಳನ್ನು. ಇನ್ನೊಂದು, ಹಳೆಯ ಮಾಡೆಲ್ ಮೇಲೆ ಕಂಪನಿ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ, ನಗದು ರಿಯಾಯಿತಿಯನ್ನೂ ಕೊಡುತ್ತದೆ, ಆದರೆ ಎಷ್ಟೋ ಸಲ ಎರಡರಲ್ಲಿ ಒಂದು ಮಾತ್ರ. ಎರಡೂ ಸಿಗುತ್ತದೆ ಅಂತ ಮನಸ್ಸಲ್ಲೇ ಲೆಕ್ಕ ಹಾಕಿಕೊಂಡು ಹೋಗಬೇಡಿ.

ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇಯಿಂದ ವರ್ಷದ ಕೊನೆಯವರೆಗೆ ಹಳೆಯ ಮಾಡೆಲ್ ಖಾಲಿ ಮಾಡುವ ಕಾಲ. ನಮ್ಮ ನವರಾತ್ರಿ, ದೀಪಾವಳಿ ಸರಿಯಾಗಿ ಅದರ ನಡುವೆ ಬರುವುದು ಇಲ್ಲಿನ ನಮ್ಮವರಿಗೆ ಒಂದು ಅನುಕೂಲ. ಎಡಿಸನ್‌ನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ. ನಮ್ಮ ಕಾರಿಗೂ ಗೆಳೆಯನ ಕಾರಿಗೂ ಅಲ್ಲೇ ಪೂಜೆ ಆಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೇ ಹೊರಟೆವು. ಅಮ್ಮ ವಿಡಿಯೋದಲ್ಲಿ ನೋಡಿ ಖುಷಿಪಟ್ಟರು.

ಊರಿನ ಮಾತು ಹೇಳಬೇಕು ಅಂದರೆ, ಇದೇ ಹೊಸ ಕ್ಯಾಮ್ರಿ 2024ರ ಡಿಸೆಂಬರ್‌ನಲ್ಲಿ ಭಾರತಕ್ಕೂ ಬಂತು. ಅದು ಬೆಂಗಳೂರಿನ ಪಕ್ಕದ ಬಿಡದಿಯಲ್ಲೇ ಜೋಡಣೆಯಾಗುವ ಕಾರು, ಬಂದಾಗ ಎಕ್ಸ್-ಶೋರೂಮ್ 48 ಲಕ್ಷ ಇತ್ತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆಯೇ 18 ಶೇಕಡಾ. ಇಲ್ಲಿ ಸಾಧಾರಣ ಸಂಬಳದವರೂ ಓಡಿಸುವ ಕಾರು ಅಲ್ಲಿ ದೊಡ್ಡವರ ಕಾರು.

ಅಣ್ಣ ಈಗ ಕಾರು ನೋಡುತ್ತಿದ್ದಾನೆ. ಡಿಸೆಂಬರ್‌ನಲ್ಲಿ ಒಳ್ಳೆ ರಿಯಾಯಿತಿ ಹೇಳುತ್ತಿದ್ದಾರೆ, ತಗೊಳ್ಳಲಾ, ಜನವರಿಗೆ ಕಾಯಲಾ ಅಂತ ಕೇಳಿದ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀಯ ಅಂದೆ. ಅಪ್ಪನ ಹಳೇ ಮಾರುತಿಯನ್ನು ಹದಿನೈದು ವರ್ಷ ಓಡಿಸಿದವನು ಅವನು, ಇದನ್ನೂ ಅಷ್ಟೇ ಓಡಿಸುತ್ತಾನೆ. ಹಾಗಾದರೆ ಡಿಸೆಂಬರ್‌ನಲ್ಲೇ ತಗೋ ಅಂದೆ. ಆದರೆ ಹಣ ಕಟ್ಟುವ ಮುಂಚೆ ಚಾಸಿಸ್ ನಂಬರ್ ತರಿಸಿಕೊಂಡು ಅದು ಯಾವ ತಿಂಗಳು ತಯಾರಾದ ಕಾರು ಅಂತ ಬರವಣಿಗೆಯಲ್ಲಿ ಕೇಳು, ಡಿಸೆಂಬರ್ ರಿಯಾಯಿತಿಯ ಕಾರು ನವೆಂಬರ್‌ನದ್ದೂ ಆಗಿರಬಹುದು, ಫೆಬ್ರವರಿಯದ್ದೂ ಆಗಿರಬಹುದು. ಫೆಬ್ರವರಿಯದ್ದಾದರೆ ಇನ್ನೂ ಇಳಿಸಿ ಕೇಳು.