ಪುಸ್ತಕ ಮುಚ್ಚಿದ ಮೇಲೆ

ಧಾರವಾಡ
11 ನವೆಂಬರ್ 2025, ಮಂಗಳವಾರ

ರಾತ್ರಿ ಹತ್ತೂವರೆ. ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಹಾಗೇ ಇದೆ. ಇವತ್ತಿನದನ್ನು ಇವತ್ತೇ ಬರೆದಿಡಬೇಕು ಅನ್ನಿಸಿತು.

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ನಾನು ಗುಡ್ಡದ ಮೇಲಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ. ಮಂಗಳವಾರ, ಶುಕ್ರವಾರ ಸಂಜೆ ಊರೊಳಗಿನ ಒಂದು ಡಿಗ್ರಿ ಕಾಲೇಜಿಗೆ ಹೋಗಿ ಬಿಎಸ್ಸಿ ಎರಡನೇ ವರ್ಷದ ಹುಡುಗರ ಜೊತೆ ಕೂರುತ್ತೇನೆ. ಇದು ಟ್ಯೂಷನ್ ಅಲ್ಲ. ಪಾಠ ಮಾಡುವವರು ಬೇರೆ ಇದ್ದಾರೆ. ಪಾಠ ಆದ ಮೇಲೆ ಅದನ್ನು ಹೇಗೆ ಓದಬೇಕು, ಹೇಗೆ ನೆನಪಿಟ್ಟುಕೊಳ್ಳಬೇಕು, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಹೇಗೆ ಕಂಡುಹಿಡಿಯಬೇಕು, ಅಷ್ಟೇ ನನ್ನ ಕೆಲಸ.

ಶುರುವಿನಲ್ಲಿ ನಾವು ಒಂದು ತಪ್ಪು ಮಾಡಿದೆವು. ಇಂಟರ್ನಲ್‌ನಲ್ಲಿ ಕಡಿಮೆ ಅಂಕ ಬಂದವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದೆವು. ಮೊದಲ ದಿನ ಒಬ್ಬರೂ ಬರಲಿಲ್ಲ. ಯಾರು ಬರುತ್ತಾರೆ ಹೇಳಿ, ಊರಿಗೆಲ್ಲ ಕಾಣುವಂತೆ ದಡ್ಡರು ಎಂದು ಬರೆದ ಹಾಗಾಯಿತಲ್ವಾ? ಆಮೇಲೆ ಅಮೆರಿಕದ ಒಂದು ಪದ್ಧತಿಯ ಬಗ್ಗೆ ಓದಿದೆ. 1973ರಲ್ಲಿ ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬವರು ಶುರು ಮಾಡಿದ್ದು. ಅಲ್ಲಿ ದಡ್ಡ ಹುಡುಗರನ್ನು ಆರಿಸುವುದಿಲ್ಲ, ಕಷ್ಟದ ವಿಷಯವನ್ನು ಆರಿಸುತ್ತಾರೆ. ಬೇಕಾದವರು ಬರಬಹುದು. ನಡೆಸುವವರು ಅದೇ ವಿಷಯ ಓದಿ ಪಾಸಾದ ವಿದ್ಯಾರ್ಥಿ. ನಾವೂ ಪಟ್ಟಿ ಕಿತ್ತು ಹಾಕಿ, "ಥರ್ಮೋಡೈನಾಮಿಕ್ಸ್ ಕಷ್ಟ ಅನ್ನಿಸಿದವರೆಲ್ಲ ಬನ್ನಿ" ಎಂದು ಬರೆದೆವು. ಆ ವಾರ ಹನ್ನೊಂದು ಜನ ಬಂದರು. ಅದರಲ್ಲಿ ಕ್ಲಾಸಿಗೇ ಹೆಚ್ಚು ಅಂಕ ತೆಗೆಯುವ ಹುಡುಗನೂ ಇದ್ದ.

ಆ ಹನ್ನೊಂದರಲ್ಲಿ ಕುಂದಗೋಳದ ಒಬ್ಬ ಹುಡುಗಿ ಇದ್ದಾಳೆ. ಇವತ್ತಿನ ಮಾತು ಅವಳದೇ.

ಅವಳ ನೋಟ್‌ಬುಕ್ ನೋಡಿದರೆ ಕಣ್ಣು ತುಂಬುತ್ತದೆ. ಕೆಂಪು, ಹಸಿರು, ನೀಲಿ ಗೆರೆಗಳು, ಒಂದು ಅಕ್ಷರ ಆಚೀಚೆ ಇಲ್ಲ. ಆದರೆ ಹೋದ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಆರು. ಇವತ್ತು ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಕ್ಕಾರ, ನಾ ನಾಕ್ ಸಲ ಓದೇನ್ರಿ. ಪೇಪರ್ ಮುಂದ ಕುಂತ್ರ ಏನೂ ನೆನಪಿಗೆ ಬರಂಗಿಲ್ರಿ."

"ಕಾರ್ನೋ ಎಂಜಿನ್ ಓದೀಯೇನವಾ?" ಎಂದೆ. ಥರ್ಮೋಡೈನಾಮಿಕ್ಸ್‌ನಲ್ಲಿ ಬರುವ, ಬಿಸಿಯಿಂದ ಕೆಲಸ ತೆಗೆಯುವ ಒಂದು ಆದರ್ಶ ಎಂಜಿನ್ ಅದು.

"ಹೂಂ ರಿ, ನಿನ್ನೇನ ಓದೇನಿ."

"ಹಂಗಾದ್ರ ಪುಸ್ತಕ ಮುಚ್ಚು. ಬೋರ್ಡ್ ಮ್ಯಾಲೆ ಚಿತ್ರ ತೆಗಿ."

ಸೀಮೆಸುಣ್ಣ ಹಿಡಿದ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ಅಡ್ಡಗೆರೆಗೆ ಗಾತ್ರ, ಉದ್ದಗೆರೆಗೆ ಒತ್ತಡ. ಮೊದಲ ಬಾಗು ಸರಿಯಾಗಿ ಬಂತು: ಬಿಸಿ ಒಳಗೆ ಬರುತ್ತದೆ, ಉಷ್ಣತೆ ಬದಲಾಗದೆ ಅನಿಲ ಹಿಗ್ಗುತ್ತದೆ. ಎರಡನೆಯದು ಇನ್ನೂ ಕಡಿದಾಗಿ ಇಳಿಯಿತು: ಈಗ ಬಿಸಿ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ, ಅನಿಲ ಹಿಗ್ಗುತ್ತಾ ತಣ್ಣಗಾಗುತ್ತದೆ. ಅಲ್ಲಿಗೆ ಕೈ ನಿಂತಿತು.

ನನಗೆ ಉತ್ತರ ಬಾಯಿಗೇ ಬಂದಿತ್ತು. ಹೇಳಲಿಲ್ಲ. ಈ ಕೆಲಸದಲ್ಲಿ ಜಾಸ್ತಿ ಕಷ್ಟದ್ದು ಇದೇ, ಸುಮ್ನೆ ಕೂರುವುದು. ಅವಳು ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ಮುಚ್ಚಿದ ಪುಸ್ತಕದ ಕಡೆ. ನಾನು ಕಿಟಕಿಯ ಕಡೆ ನೋಡುತ್ತಾ ಕೂತೆ. ಮೂರನೇ ಬಿಂದುವಿನ ಮೇಲೆ ಸೀಮೆಸುಣ್ಣ ಒತ್ತಿ ಒತ್ತಿ ಅಲ್ಲೊಂದು ದಪ್ಪ ಚುಕ್ಕೆಯೇ ಆಯಿತು. ಎರಡು ನಿಮಿಷ ಆಗಿರಬೇಕು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ ಅಂದಳು: "ಎಂಜಿನ್ ಮತ್ತ ತಿರುಗಬೇಕಂದ್ರ ಗ್ಯಾಸ್ ಮೊದಲಿನ ಜಾಗಕ್ಕ ವಾಪಸ್ ಬರಬೇಕಲ್ರಿ... ಅಂದ್ರ ಈಗ ಅದನ್ನ ಒತ್ತಬೇಕು!"

ಮೂರನೇ ಬಾಗು ಎಡಕ್ಕೆ ಹೋಯಿತು. ನಾಲ್ಕನೆಯದು ಶುರುವಿನ ಬಿಂದುವಿಗೆ ಬಂದು ಕೂಡಿತು. ಆ ನಾಲ್ಕನೆಯದರಲ್ಲಿ ಅನಿಲ ಯಾಕೆ ಬಿಸಿಯಾಗುತ್ತದೆ ಎಂದು ಕೇಳಿದೆ. "ಸೈಕಲ್‌ಗೆ ಗಾಳಿ ಹೊಡಿಯುವಾಗ ಪಂಪ್ ಬಿಸಿ ಆಗ್ತದಲ್ರಿ, ಹಂಗ" ಎಂದಳು. ಅದು ಅವಳ ಬಣ್ಣದ ನೋಟ್‌ಬುಕ್‌ನಲ್ಲಿ ಎಲ್ಲೂ ಇಲ್ಲ. ನನ್ನ ಮೈ ಜುಮ್ಮೆಂದಿತು.

ಮತ್ತೆ ಮತ್ತೆ ಓದುವುದಕ್ಕಿಂತ ಮುಚ್ಚಿಟ್ಟು ನೆನಪಿಸಿಕೊಳ್ಳುವುದು ಮೇಲು ಎಂದರೆ ಅವಳಿಗೆ ನಂಬಿಕೆ ಇರಲಿಲ್ಲ. ಅದಕ್ಕೇ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳ 2006ರ ಪ್ರಯೋಗದ ಬಗ್ಗೆ ಹೇಳಿದೆ. ಒಂದು ಚಿಕ್ಕ ಪಾಠವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರೆ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಮಾಡಿದರೆ ಅವರಲ್ಲಿ ಉಳಿದಿದ್ದು ನೂರಕ್ಕೆ 42, ನೆನಪಿಸಿಕೊಂಡು ಬರೆದವರಲ್ಲಿ 56. ಅವಳು ಅದನ್ನು ಕೇಳಿ, "ಅಂದ್ರ ಓದಿದ ಕೂಡ್ಲೆ ಎಲ್ಲಾ ಬಂತು ಅನ್ನಿಸೂದು ಸುಳ್ಳೇನ್ರಿ?" ಅಂದಳು. ಇಷ್ಟು ಚೆನ್ನಾಗಿ ನಾನೂ ಹೇಳಿರಲಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಅವಳ ವಾರ ಬರೆದೆವು. ರಾತ್ರಿ ನಾಲ್ಕು ತಾಸು ಓದುತ್ತೇನೆ ಎಂದು ಮೊದಲು ಬರೆದಳು. ಮನೆ ಮುಟ್ಟುವುದು ಎಷ್ಟಕ್ಕೆ, ರೊಟ್ಟಿ ಬಡಿಯುವುದು ಯಾರು ಎಂದು ಕೇಳುತ್ತಾ ಹೋದರೆ ನಾಲ್ಕು ತಾಸು ಕರಗಿ ಮುಕ್ಕಾಲು ತಾಸು ಉಳಿಯಿತು. ಹುಬ್ಬಳ್ಳಿಯವರೆಗೆ ಚಿಗರಿ ಬಸ್ಸು, ಅಲ್ಲಿ ಕಾಯುವುದು, ಅಲ್ಲಿಂದ ರೈಲು, ಹೋಗಿ ಬರುವ ದಾರಿಗೇ ನಾಲ್ಕು ತಾಸು. ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಸೋಮಾರಿ ಎಂದು ಮಾತ್ರ ಅಂದಿದ್ದರು. ನನಗೂ ಡಿಗ್ರಿಯಲ್ಲಿ ಒಬ್ಬರು, ನೀನು ಸೈನ್ಸ್ ತಗೋಬಾರದಿತ್ತು ಎಂದು ಕ್ಲಾಸಿನ ಮುಂದೆ ಹೇಳಿದ್ದರು. ಓದುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ. ಆ ನೋವು ಇನ್ನೂ ಇದೆ. ಈ ಸಂಜೆಗಳನ್ನು ನಾನು ತಪ್ಪಿಸದಿರುವುದಕ್ಕೆ ಅದೂ ಒಂದು ಕಾರಣ.

ಕುಂದಗೋಳದ ರೈಲು ಎಂದರೆ ನನಗೆ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗುತ್ತಿದ್ದರು. ಸಂಗೀತದಲ್ಲಿ ಗುರುವಿನ ಮುಂದೆ ಹಾಡಿ ತೋರಿಸದೆ ಪಾಠ ಮುಂದಕ್ಕೆ ಹೋಗುವುದಿಲ್ಲ. ಕಾಲೇಜಿನಲ್ಲಿ ಮಾತ್ರ ಸೆಮಿಸ್ಟರ್ ಪೂರ್ತಿ ಕೇಳಿಸಿಕೊಂಡು ಕೂತು, ಬಾಯಿ ಬಿಡುವುದು ಪರೀಕ್ಷೆಯ ದಿನವೇ. ಅವಳಿಗೂ ರೈಲನ್ನೇ ಕೊಟ್ಟೆ. ಸೀಟು ಸಿಗಲಿ ಬಿಡಲಿ, ಪುಸ್ತಕ ಚೀಲದಲ್ಲೇ ಇರಲಿ, ಬೆಳಿಗ್ಗೆ ಹಿಂದಿನ ದಿನದ ಒಂದು ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಾ. ಸಿಕ್ಕಿಕೊಂಡ ಜಾಗ ಮಾತ್ರ ಚೀಟಿಯಲ್ಲಿ ಬರಿ, ಆ ಚೀಟಿ ನನಗೆ ತೋರಿಸು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕಾರ, ಶುಕ್ರವಾರ ಇದನ್ನ ನಾನ ಎಲ್ಲಾರಿಗೂ ಹೇಳ್ಲೇನ್ರಿ? ಕನ್ನಡದಾಗ ಹೇಳಿದ್ರ ನಡೀತದೇನ್ರಿ?"

"ಕನ್ನಡದಾಗ ಹೇಳವಾ" ಎಂದೆ. ಚಿಗರಿ ತಪ್ಪೀತೆಂದು ಓಡಿದಳು.

ಬೋರ್ಡ್ ಒರೆಸುವಾಗ ಆ ದಪ್ಪ ಚುಕ್ಕೆ ಅಷ್ಟು ಬೇಗ ಹೋಗಲಿಲ್ಲ. ಶುಕ್ರವಾರ ಒಂದು ಸೀಮೆಸುಣ್ಣದ ಡಬ್ಬಿ ಜಾಸ್ತಿ ಒಯ್ಯಬೇಕು.