‘ಇಷ್ಟೊಂದು ಹೋಲಿಕೆ ಸುಮ್ನೆ ಬಂದಿರುತ್ತಾ?’: ಬುಕ್ ಆಫ್ ಮಾರ್ಮನ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

‘ಬುಕ್ ಆಫ್ ಮಾರ್ಮನ್‌ನಲ್ಲಿ ಹಳೇ ಹೀಬ್ರೂ ಬರವಣಿಗೆಯ ಲಕ್ಷಣಗಳು ತುಂಬಾ ಇವೆಯಂತೆ. ಹೆಚ್ಚು ಶಾಲೆ ಕಾಣದ ಹಳ್ಳಿ ಹುಡುಗನಿಗೆ ಅದೆಲ್ಲ ಹೇಗೆ ಗೊತ್ತಾಯಿತು?’

ಅಮೆರಿಕದ ಮಾರ್ಮನ್ ಚರ್ಚ್‌ನವರು ಬೈಬಲ್ ಜೊತೆಗೆ ಧರ್ಮಗ್ರಂಥ ಎಂದು ನಂಬುವ ಪುಸ್ತಕ ಇದು. ಹಳ್ಳಿ ಹುಡುಗ ಅಂದರೆ ಅದನ್ನು ಹೊರತಂದ ಜೋಸೆಫ್ ಸ್ಮಿತ್. ಧರ್ಮಗ್ರಂಥಗಳ ಚರಿತ್ರೆ ಬಗ್ಗೆ ನಾನು ಬರೆಯುವುದರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆ ಚರ್ಚ್‌ನ ನೆಲೆಯಾದ ಯೂಟಾ ಕಡೆ ಕೆಲಸಕ್ಕೆ ಹೋದ ನಮ್ಮವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಮಾರ್ಮನ್ ದೇವಾಲಯ ಕಟ್ಟುತ್ತೇವೆ ಎಂದು 2018ರಲ್ಲಿ ಆ ಚರ್ಚ್ ಘೋಷಿಸಿದ ಮೇಲೆ ಇಲ್ಲಿಯವರೂ ಕೇಳುತ್ತಾರೆ. ನಂಬುವವರ ಭಕ್ತಿಯ ಮೇಲೆ ನನಗೆ ಗೌರವವಿದೆ. ಅದನ್ನು ಅಲ್ಲಾಡಿಸುವುದು ನನ್ನ ಉದ್ದೇಶವಲ್ಲ. ಆದರೆ ‘ಹೋಲಿಕೆ ಇದೆ, ಹಾಗಾಗಿ ಪುಸ್ತಕ ಪುರಾತನ’ ಎಂಬ ವಾದವನ್ನು ಒಪ್ಪೋಕೆ ನನಗೆ ಆಗುವುದಿಲ್ಲ. ಏಕೆ ಅಂತ ಹೇಳುತ್ತೇನೆ.

ಮೊದಲು ಹಿನ್ನೆಲೆ. ಜೋಸೆಫ್ ಸ್ಮಿತ್ ಹುಟ್ಟಿದ್ದು 1805ರಲ್ಲಿ, ವರ್ಮಾಂಟ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರ. ದೇವದೂತನೊಬ್ಬ ತೋರಿಸಿದ ಗುಡ್ಡದಲ್ಲಿ 1827ರಲ್ಲಿ ಚಿನ್ನದ ತಗಡುಗಳು ಸಿಕ್ಕವು, ಅವುಗಳ ಬರಹವನ್ನು ದೇವರ ಶಕ್ತಿಯಿಂದ ಇಂಗ್ಲಿಷಿಗೆ ತಂದೆ ಎಂದು ಅವರು ಹೇಳಿದರು. 1830ರಲ್ಲಿ ಪಾಲ್ಮೈರಾದಲ್ಲೇ 5000 ಪ್ರತಿ ಅಚ್ಚಾದವು. ಒಳಗಿನ ಕಥೆ ಹೀಗೆ: ಕ್ರಿ.ಪೂ. 600ರ ಹೊತ್ತಿಗೆ ಲೀಹೈ ಎಂಬಾತ ಮನೆಮಂದಿಯನ್ನು ಕರೆದುಕೊಂಡು ಜೆರುಸಲೇಮ್ ಬಿಡುತ್ತಾನೆ. ಅರೇಬಿಯಾದ ಮರಳುಗಾಡು ದಾಟಿ, ಹಡಗು ಕಟ್ಟಿ, ಅಮೆರಿಕ ಸೇರುತ್ತಾನೆ. ಅವನ ಸಂತತಿಯ ಸಾವಿರ ವರ್ಷದ ಚರಿತ್ರೆಯೇ ಈ ಪುಸ್ತಕ.

ತಗಡುಗಳನ್ನು ದೇವದೂತ ವಾಪಸ್ ತೆಗೆದುಕೊಂಡ ಎನ್ನುತ್ತಾರೆ. ಹಾಗಾಗಿ ಮೂಲ ನೋಡುವ ದಾರಿಯಿಲ್ಲ. ಉಳಿದಿರುವುದು ಇಂಗ್ಲಿಷ್ ಪಠ್ಯ ಮಾತ್ರ. ಅದರೊಳಗೇ ಪುರಾತನ ಕಾಲದ ಗುರುತು ಹುಡುಕಬೇಕು. ಹೋಲಿಕೆಗಳಿಗೆ ಇಷ್ಟೊಂದು ಬೆಲೆ ಬಂದಿರುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಕಯಾಸ್ಮಸ್. ಮಾತುಗಳನ್ನು ಒಂದು ಕ್ರಮದಲ್ಲಿ ಹೇಳುತ್ತಾ ಹೋಗಿ, ನಡುವಿಗೆ ಬಂದು, ಅದೇ ಮಾತುಗಳನ್ನು ಹಿಮ್ಮುಖ ಕ್ರಮದಲ್ಲಿ ಹೇಳುವುದು. ಹಳೇ ಹೀಬ್ರೂ ಬರಹಗಳಲ್ಲಿ ಇದು ಧಾರಾಳವಾಗಿದೆ. 1967ರಲ್ಲಿ ಜರ್ಮನಿಯಲ್ಲಿ ಮಿಷನರಿಯಾಗಿದ್ದ ಜಾನ್ ವೆಲ್ಚ್ ಎಂಬ ಯುವಕ ಬುಕ್ ಆಫ್ ಮಾರ್ಮನ್‌ನಲ್ಲೂ ಇದನ್ನು ಗುರುತಿಸಿದರು. ಆಲ್ಮಾ ಎಂಬ ಪ್ರವಾದಿಯ ಹೆಸರಿನ ಭಾಗದ 36ನೇ ಅಧ್ಯಾಯ ಅದರ ದೊಡ್ಡ ಉದಾಹರಣೆ. ದೇವರ ಆಜ್ಞೆ ಪಾಲಿಸಿದರೆ ಏಳಿಗೆ ಎಂಬ ಮಾತು ಮೊದಲಿಗಿದೆ, ಕೊನೆಗೂ ಇದೆ. ನಟ್ಟನಡುವೆ ಆಲ್ಮಾ ಯೇಸುವನ್ನು ಕೂಗಿ ಕರೆಯುತ್ತಾನೆ. ಚೆಂದದ ಅಧ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಜೋಡಿಗಳನ್ನು ತೋರಿಸುವ ಚಿತ್ರಪಟ ಬದಿಗಿಟ್ಟು ಅಧ್ಯಾಯವನ್ನೇ ಓದಿ ನೋಡಿ. ಒಟ್ಟು 30 ವಚನಗಳಿವೆ. ‘ದೇವರಿಂದ ಹುಟ್ಟಿದ’ ಎಂಬ ಮಾತು 5ನೇ ವಚನದಲ್ಲಿದೆ. ಅದಕ್ಕೆ ಜೋಡಿಯೆಂದು ತೋರಿಸುವುದು 26ನೇ ವಚನವನ್ನು. ಅದೇ ಮಾತು 23ರಲ್ಲೂ ಇದೆ, 24ರಲ್ಲೂ ಇದೆ. ಜೋಡಿಗೆ 26 ಯಾಕೆ? ಅಲ್ಲಿಟ್ಟರೆ ಆಕಾರ ಕೂಡುತ್ತದೆ, ಅದಕ್ಕೆ. ನಡುವೆ ಆಲ್ಮಾ ಪಟ್ಟ ಸಂಕಟದ ಉದ್ದನೆಯ ವರ್ಣನೆ ಬರುತ್ತದೆ. ಅದರಿಂದಲೂ ಬೇಕಾದ ಪದ ಎತ್ತಿಕೊಂಡು, ಉಳಿದ ಸಾಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವ ಮಾತನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅನ್ನುವ ನಿಯಮ ಹುಡುಕುವ ಮೊದಲೇ ಇರಬೇಕು. ಸಿಕ್ಕಿದ ಮೇಲೆ ನಿಯಮ ಮಾಡಿಕೊಂಡರೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ಯಾವ ಉದ್ದನೆಯ ಬರಹದಲ್ಲೂ ಇಂಥದ್ದು ಸಿಗುತ್ತದೆ.

ಒಂದು ವೇಳೆ ಆ ಆಕಾರ ನಿಜವಾಗಿಯೂ ಇದೆ ಅಂತಲೇ ಇಟ್ಟುಕೊಳ್ಳೋಣ. ಅದು ಜೋಸೆಫ್ ಸ್ಮಿತ್ ಕಿವಿಗೆ ಬೀಳದ ಲಯವೇ? ‘ಮನುಷ್ಯನ ರಕ್ತ ಸುರಿಸುವವನ ರಕ್ತ ಮನುಷ್ಯನಿಂದಲೇ ಸುರಿಯುವುದು’ ಎಂಬುದು ಆದಿಕಾಂಡದ ಮಾತು. ‘ಮೊದಲಿನವರು ಕಡೆಯವರಾಗುವರು, ಕಡೆಯವರು ಮೊದಲಿನವರಾಗುವರು’ ಎಂಬುದು ಮತ್ತಾಯನ ಸುವಾರ್ತೆಯದು. ಮನೆಯಲ್ಲಿ, ಸಭೆಯಲ್ಲಿ ಬೈಬಲ್ ಓದುವುದನ್ನೇ ಕೇಳಿ ಬೆಳೆದವನಿಗೆ ಈ ನಡೆ ಮೈಗೂಡಿರುತ್ತದೆ, ಅದರ ಹೆಸರು ಗೊತ್ತಿರಬೇಕಾಗಿಲ್ಲ. ಇನ್ನೊಂದು ಮುಖ್ಯ ವಿಷಯ: ಜೋಸೆಫ್ ಸ್ಮಿತ್ ತಮ್ಮ ಕಾಲದಲ್ಲೇ ತಮಗೆ ಬಂದ ದೇವವಾಣಿ ಎಂದು ಬರೆಸಿದ ಪಠ್ಯಗಳಿವೆ. ಯಾವ ಹಳೇ ತಗಡಿನಿಂದಲೂ ತೆಗೆದವಲ್ಲ. ಅವುಗಳಲ್ಲೂ ಕಯಾಸ್ಮಸ್ ತೋರಿಸಿದ್ದಾರೆ. 19ನೇ ಶತಮಾನದ ಪಠ್ಯದಲ್ಲೂ ಅದು ಸಿಗುತ್ತದೆ ಎಂದ ಮೇಲೆ ಅದನ್ನು ಪುರಾತನ ಕಾಲದ ಗುರುತು ಅನ್ನೋದು ಹೇಗೆ?

ಇನ್ನು ನೇಹಮ್ ಎಂಬ ಜಾಗದ ಹೆಸರು. ನನ್ನ ಲೆಕ್ಕದಲ್ಲಿ ಪುಸ್ತಕ ಪುರಾತನ ಎನ್ನುವವರ ಅತಿ ಗಟ್ಟಿ ಸಾಕ್ಷಿ ಇದೇ. ಅರೇಬಿಯಾ ದಾಟುವಾಗ ಲೀಹೈ ಗುಂಪಿನ ಇಷ್ಮಾಯೇಲ್ ಸಾಯುತ್ತಾನೆ. ‘ನೇಹಮ್ ಎಂದು ಕರೆಯುತ್ತಿದ್ದ’ ಜಾಗದಲ್ಲಿ ಅವನನ್ನು ಹೂಳುತ್ತಾರೆ. ಯೆಮೆನ್ ದೇಶದ ಮಾರಿಬ್ ಹತ್ತಿರದ ಹಳೇ ದೇವಸ್ಥಾನದಲ್ಲಿ ಜರ್ಮನ್ ಪುರಾತತ್ವ ತಂಡಕ್ಕೆ ಬಲಿಪೀಠಗಳು ಸಿಕ್ಕವು. ಕಾಲ ಕ್ರಿ.ಪೂ. 7-6ನೇ ಶತಮಾನ. ಅದನ್ನು ಕೊಟ್ಟವನು ‘ನ-ಹ-ಮ’ ಕುಲದವನು ಎಂದು ಕೆತ್ತಿದೆ. ಪ್ರದೇಶವೂ ಹೊಂದುತ್ತದೆ, ಕಾಲವೂ ಹೊಂದುತ್ತದೆ. ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಇದು ಎಷ್ಟು ಭಾರ ಹೊರುತ್ತದೆ ಅಂತ ನೋಡಬೇಕಲ್ವಾ? ಕೆತ್ತಿರುವುದು ಮೂರು ವ್ಯಂಜನ ಮಾತ್ರ, ಸ್ವರ ನಾವು ತುಂಬಿಕೊಳ್ಳುವುದು. ಅದು ಕುಲದ ಹೆಸರು, ಸ್ಮಶಾನದ್ದಲ್ಲ. ಬೈಬಲ್ಲಿನಲ್ಲೇ ನಹೂಮ, ನೆಹೆಮೀಯ ಇದ್ದಾರೆ. ಹೀಬ್ರೂ ಧಾಟಿಯ ಹೆಸರು ಕಟ್ಟುವವನಿಗೆ ಇದೇ ಅಕ್ಷರಗಳು ಕೈಗೆ ಸಿಗುತ್ತವೆ. ಕಾರ್ಸ್ಟನ್ ನೀಬೂರ್ ಎಂಬ ಪ್ರವಾಸಿ 1770ರ ದಶಕದಲ್ಲಿ ಅಚ್ಚು ಹಾಕಿಸಿದ ಯೆಮೆನ್ ನಕ್ಷೆಯಲ್ಲೂ ಈ ಪ್ರದೇಶದ ಹೆಸರಿತ್ತು. ಜೋಸೆಫ್ ಸ್ಮಿತ್ ಆ ನಕ್ಷೆ ನೋಡಿದ್ದರು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಆಧಾರವಿಲ್ಲ. ನಾನು ಹೇಳುವುದು ಇಷ್ಟೇ: ಕೂಡಿದ್ದನ್ನು ಎಣಿಸುವವರು ಕೂಡದ್ದನ್ನೂ ಎಣಿಸಬೇಕು. ಪುಸ್ತಕದ ಬಹುಪಾಲು ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಜರಹೆಮ್ಲಾ ಎಂಬ ದೊಡ್ಡ ನಗರವಿತ್ತು, ಕುದುರೆ, ರಥ, ಉಕ್ಕು, ಗೋಧಿ ಇದ್ದವು ಎನ್ನುತ್ತದೆ. ಆ ಹೆಸರಿನ ಒಂದು ಶಾಸನವೂ ಆ ನೆಲದಲ್ಲಿ ಸಿಕ್ಕಿಲ್ಲ. ಕುದುರೆಗಳು ಸುಮಾರು 10,000 ವರ್ಷ ಹಿಂದೆಯೇ ಅಲ್ಲಿ ಅಳಿದು, ಮತ್ತೆ ಬಂದದ್ದು ಸ್ಪೇನಿನವರ ಜೊತೆ.

ಹೋಲಿಕೆ ಸಿಕ್ಕಿಬಿಡಲಿ ಎಂಬ ಆಸೆಯ ಎಳೆತ ಎಂಥದ್ದು ಅಂತ ಕನ್ನಡಿಗರಾದ ನಮಗೆ ಚೆನ್ನಾಗಿ ಗೊತ್ತಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನ ನೆನಪಿದೆಯಾ? ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವಿರಬಹುದು ಎಂದು 1904ರಲ್ಲಿ ಶಾಸನತಜ್ಞ ಹುಲ್ಷ್ ಸೂಚಿಸಿದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ದಾರಿಯಲ್ಲಿ ಮುಂದುವರಿದರು. 1926ರಲ್ಲಿ ವಿದ್ವಾಂಸ ಬಾರ್ನೆಟ್ ಇದನ್ನು ಒಪ್ಪಲಿಲ್ಲ. ಮುಂದೆ ಅದೇ ಸಾಲುಗಳನ್ನು ತುಳು ಎಂದು ಓದಿದವರೂ ಬಂದರು. ಅದು ಕನ್ನಡವೇ ಆಗಿರಲಿ ಎಂಬ ಆಸೆ ನನಗೂ ಇದೆ. ಆದರೆ ಒಂದೇ ಅಕ್ಷರಸಾಲು ಎರಡು ಭಾಷೆಗಳಿಗೂ ಒಗ್ಗುತ್ತದೆ ಎಂದಾದರೆ, ಒಗ್ಗಿಸುವ ವಿಧಾನವೇ ಸಡಿಲ ಅಂತ ಒಪ್ಪಿಕೊಳ್ಳಬೇಕು. ನಮ್ಮದಕ್ಕೆ ಒಂದು ಅಳತೆ, ಬೇರೆಯವರದ್ದಕ್ಕೆ ಇನ್ನೊಂದು ಅಂತ ಇಟ್ಟುಕೊಳ್ಳೋಕೆ ಆಗಲ್ಲ.

ಅದೇ ಅಳತೆ ಟೀಕಾಕಾರರಿಗೂ ಬೇಕು. ಅಮೆರಿಕಕ್ಕೂ ಬ್ರಿಟನ್ನಿಗೂ ನಡೆದ 1812ರ ಯುದ್ಧದ ಬಗ್ಗೆ ಗಿಲ್ಬರ್ಟ್ ಹಂಟ್ ಬೈಬಲ್ ಶೈಲಿಯಲ್ಲಿ ಬರೆದ ಪುಸ್ತಕವೊಂದಿದೆ, 1816ರದ್ದು. 2013ರಲ್ಲಿ ಕೆಲವರು ಕಂಪ್ಯೂಟರ್‌ನಿಂದ ಪದಗುಚ್ಛ ಹೋಲಿಸಿ, ಜೋಸೆಫ್ ಸ್ಮಿತ್ ಮೇಲೆ ಅದರ ಪ್ರಭಾವ ದೊಡ್ಡದು ಅಂದರು. ಅಷ್ಟು ದೂರ ನಾನು ಹೋಗುವುದಿಲ್ಲ. ಎರಡೂ ಬೈಬಲ್ ಅನುಕರಿಸಿದರೆ ಪದಗುಚ್ಛ ಕೂಡುವುದು ಸಹಜ. ಆದರೆ ಬೈಬಲ್ ಧಾಟಿಯಲ್ಲಿ ಚರಿತ್ರೆ ಬರೆಯುವ ರೂಢಿ ಆಗ ಅಲ್ಲಿತ್ತು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಹತ್ತಿರದ ಹೋಲಿಕೆಗಳನ್ನು ಜನ ಯಾಕೆ ಕೇಳುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ. ಪುಸ್ತಕ ಬಂದ ಮರುವರ್ಷವೇ, 1831ರಲ್ಲಿ, ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಎಂಬ ಧರ್ಮಬೋಧಕ ಇದನ್ನು ಎತ್ತಿದ್ದರು. ಹಿಂದಿನ ಹತ್ತು ವರ್ಷ ನ್ಯೂಯಾರ್ಕ್‌ನಲ್ಲಿ ನಡೆದ ಹೆಚ್ಚುಕಡಿಮೆ ಎಲ್ಲಾ ಧರ್ಮಚರ್ಚೆಗೂ ಈ ಪುಸ್ತಕದಲ್ಲಿ ಉತ್ತರವಿದೆ ಎಂಬುದು ಅವರ ಮಾತು. ಎಳೆಮಕ್ಕಳಿಗೆ ದೀಕ್ಷಾಸ್ನಾನ ಸರಿಯೇ ಎಂಬ ಜಗಳವನ್ನೇ ನೋಡಿ. ಮೊರೊನೈ ಭಾಗದ 8ನೇ ಅಧ್ಯಾಯ ಅದನ್ನು ಖಂಡಿಸುವುದಕ್ಕೇ ಮೀಸಲು. ಆಲ್ಮಾನ ಕಥೆಯೂ ಅಷ್ಟೇ. ಪಾಪದ ಸಂಕಟ, ನೆಲಕ್ಕೆ ಬೀಳುವುದು, ಯೇಸುವಿಗೆ ಮೊರೆ, ಆಮೇಲೆ ಉಕ್ಕುವ ಆನಂದ. ಆ ಸೀಮೆಯ ಪುನರುಜ್ಜೀವನ ಸಭೆಗಳಲ್ಲಿ ಜನ ಹೇಳಿಕೊಳ್ಳುತ್ತಿದ್ದ ಅನುಭವದ ಅಚ್ಚು ಇದೇ.

‘ಹಾಗಾದರೆ ಯಾವ ಹೋಲಿಕೆ ಸಿಕ್ಕರೆ ನೀವು ಒಪ್ಪುತ್ತೀರಿ?’ ಅಂತ ಕೆಲವರು ಮುಂದುವರಿಸುತ್ತಾರೆ. ಇದು ಒಳ್ಳೆಯ ಪ್ರಶ್ನೆ. ಪುಸ್ತಕ ಸಿದ್ಧವಾದ 1829ರ ನ್ಯೂಯಾರ್ಕ್‌ನಲ್ಲಿ ಯಾರಿಗೂ ಸಿಗಲಾರದ ಪುರಾತನ ಪಠ್ಯರೂಪವೊಂದು ಬೇಕು. ಅಂಥ ಪರೀಕ್ಷೆಗೆ ಅವಕಾಶ ಪುಸ್ತಕದಲ್ಲೇ ಇದೆ. ಲೀಹೈ ಮನೆಯವರು ಜೆರುಸಲೇಮ್‌ನಿಂದ ತಂದ ಹಿತ್ತಾಳೆ ತಗಡುಗಳಿಂದ ತೆಗೆದದ್ದು ಎಂದು ಪ್ರವಾದಿ ಯೆಶಾಯನ ಅಧ್ಯಾಯಗಳನ್ನು ಇಡಿಯಾಗಿ ಕೊಟ್ಟಿದ್ದಾರೆ. 1947ರಲ್ಲಿ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಯೆಶಾಯನ ಸುರುಳಿ ಸಿಕ್ಕಿತು. ಪಕ್ಕಪಕ್ಕ ಇಟ್ಟು ನೋಡಬಹುದು. ಅಲ್ಲಲ್ಲಿ ಪದಗಳು ಬದಲಾಗಿವೆ, ನಿಜ. ಆದರೆ ಸಾಲು ಸಾಲಾಗಿ ಬುಕ್ ಆಫ್ ಮಾರ್ಮನ್ ಹಿಂಬಾಲಿಸುವುದು 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ಲನ್ನು. ಅದಕ್ಕಿಂತ ದೊಡ್ಡ ತೊಡಕು ಯೆಶಾಯನ 48ರಿಂದ 54ರವರೆಗಿನ ಅಧ್ಯಾಯಗಳದ್ದು. ಕ್ರಿ.ಪೂ. 587ರ ಹೊತ್ತಿಗೆ ಜೆರುಸಲೇಮ್ ಬಿದ್ದು, ಜನ ಬಾಬಿಲೋನಿನಲ್ಲಿ ಸೆರೆಯಲ್ಲಿದ್ದಾಗ ಅವು ಹುಟ್ಟಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಷ್ಟು ಹೊತ್ತಿಗೆ ಲೀಹೈ ಊರು ಬಿಟ್ಟು ಹತ್ತು ವರ್ಷಕ್ಕೂ ಜಾಸ್ತಿ ಆಗಿತ್ತು.