ಅಣ್ಣಾ, ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡ್ಲೋ ಬ್ಯಾಡೋ?

ಹುಬ್ಬಳ್ಳಿ ವಿದ್ಯಾನಗರದಲ್ಲಿ ಚಹಾ ಕುಡಿಯುವಾಗ ಸಿಗುವ ಕಾಲೇಜು ಹುಡುಗರಿಂದ ಹಿಡಿದು ಗದಗಿನ ನೆಂಟರ ಮಕ್ಕಳವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಕಂಪ್ಯೂಟರಿನಲ್ಲಿ ಆಟ ಸಿಕ್ಕಿಸಿಕ್ಕಿ ಓಡುತ್ತಿದೆ, ಪರದೆಗೆ ಚಿತ್ರ ಮೂಡಿಸುವ ಆ ಕಾರ್ಡ್ ಹೊಸದು ತಗೊಳ್ಳಲಾ? ನಾನು ಹೇಳುವುದು ಇಷ್ಟೇ: ಈಗಿರುವ ಕಾರ್ಡ್ ಎಷ್ಟು ದುಡಿಯುತ್ತಿದೆ ಅಂತ ನೋಡಿಕೊಂಡು ಬಾ, ಆಮೇಲೆ ಮಾತಾಡೋಣ.

ನೋಡೋದು ಸುಲಭ. ಎಂಎಸ್‌ಐ ಆಫ್ಟರ್‌ಬರ್ನರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದನ್ನು ಹಾಕಿಕೊಂಡರೆ ಆಟ ನಡೆದಿರುವಾಗಲೇ ಪರದೆಯ ಮೂಲೆಯಲ್ಲಿ ಜಿಪಿಯು (ಅಂದರೆ ಕಾರ್ಡ್‌ನ ಮುಖ್ಯ ಚಿಪ್) ಬಳಕೆ, ಬಿಸಿ, ರ‍್ಯಾಮ್, ಫ್ರೇಮ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಎಲ್ಲ ಕಾಣುತ್ತದೆ. ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಮತ್ತು ಫ್ರೇಮ್ ಮಿತಿ ತೆಗೆದು ಆಡಿ. ಬಳಕೆ 97-99 ಪರ್ಸೆಂಟ್ ಮುಟ್ಟಿ ನಿಂತಿದ್ದರೂ ಫ್ರೇಮ್ ಸಾಲುತ್ತಿಲ್ಲ ಅಂದರೆ ಕಾರ್ಡ್‌ಗೆ ಶಕ್ತಿ ಸಾಲದು, ಒಪ್ಪೋಣ. ಬಳಕೆ 60 ಪರ್ಸೆಂಟಿನ ಆಸುಪಾಸಿನಲ್ಲೇ ಇದ್ದರೆ? ಆಗ ಕಾರ್ಡ್ ಸುಮ್ನೆ ಕೂತಿದೆ, ಪ್ರೊಸೆಸರ್ ಕೆಲಸ ಕೊಡಲಿ ಅಂತ ಕಾಯುತ್ತಿದೆ. ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಫ್ರೇಮ್ ಮೊದಲಿನಷ್ಟೇ ಇದ್ದರೆ ಎಷ್ಟು ದುಬಾರಿ ಕಾರ್ಡ್ ತಂದು ಹಾಕಿದರೂ ದುಡ್ಡು ಹೋಗುತ್ತದೆ, ಫ್ರೇಮ್ ಬರೋದಿಲ್ಲ.

ಬೆಟಗೇರಿಯಲ್ಲಿ ನನ್ನ ಕಾಕಾನ ಮಗ ಇದ್ದಾನೆ. ಮನೆಯಲ್ಲೇ ಮಗ್ಗ. ಅವನ ಹತ್ತಿರ ಜಿಟಿಎಕ್ಸ್ 1650 ಕಾರ್ಡ್, 4 ಜಿಬಿ ಮೆಮೊರಿಯದು, ಜೊತೆಗೆ ರೈಜನ್ 5 3600 ಪ್ರೊಸೆಸರ್. ವ್ಯಾಲೊರಂಟ್ ಆಡುವಾಗ ಲ್ಯಾಗ್ ಆಗುತ್ತದೆ, ಕಾರ್ಡ್ ಬದಲಿಸಲೇಬೇಕು ಅಂತ ಒಂದೇ ಹಟ. ಹೋಗಿ ನೋಡಿದರೆ ಕಾರ್ಡ್ ಬಳಕೆ ಒಮ್ಮೆಯೂ 70 ದಾಟಲಿಲ್ಲ. ಆದರೆ ಬಿಸಿ 84 ಡಿಗ್ರಿ. ಇದ್ದದ್ದು 8 ಜಿಬಿಯ ಒಂದೇ ರ‍್ಯಾಮ್, ಅದೂ ಬ್ರೌಸರ್ ತೆರೆದಿಟ್ಟಿದ್ದರಿಂದ ಪೂರ್ತಿ ತುಂಬಿತ್ತು. ಕ್ಯಾಬಿನೆಟ್ ಬಿಚ್ಚಿದೆವು. ಕಾರ್ಡ್‌ನ ಫ್ಯಾನ್ ಹಿಂದೆ, ಆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ನಡುವೆ, ಮಗ್ಗದ ನೂಲಿನ ಧೂಳು ಕಂಬಳಿ ಹಾಗೆ ಕೂತಿತ್ತು, ಅಲ್ಲಲ್ಲಿ ಕೆಂಪು, ಹಸಿರು ಎಳೆ. ಕಾಕು ಬಗ್ಗಿ ನೋಡಿ, "ಅದರಾಗೂ ನಮ್ಮ ನೂಲು ಹೊಕ್ಕೈತೇನೋ ತಮ್ಮಾ?" ಅಂದರು. ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದುಕೊಂಡು ಬ್ಲೋವರ್ ಹೊಡೆದೆವು, ಉಳಿದದ್ದನ್ನು ಬಣ್ಣದ ಬ್ರಷ್‌ನಿಂದ ತೆಗೆದೆವು. ಇನ್ನೊಂದು 8 ಜಿಬಿ ರ‍್ಯಾಮ್ ತಂದು ಜೋಡಿ ಮಾಡಿ ಹಾಕಿದೆವು. ಬಿಸಿ 72ಕ್ಕೆ ಇಳಿಯಿತು, ಲ್ಯಾಗ್ ಹೋಯಿತು. ಕಾರ್ಡ್ ಅದೇ.

ಹಾಗಂತ ಕಾರ್ಡ್ ತಗೋಬೇಡಿ ಅಂತ ನಾನು ಎಲ್ಲರಿಗೂ ಹೇಳೋದಿಲ್ಲ. ಕಾರ್ಡ್‌ನಲ್ಲೇ ಇರುವ 4 ಜಿಬಿ ಮೆಮೊರಿ ಈಗಿನ ದೊಡ್ಡ ಆಟಗಳಿಗೆ ನಿಜಕ್ಕೂ ಕಡಿಮೆ. ಅದು ತುಂಬಿದ ಮೇಲೆ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ಕಾರ್ಡ್ ಕೂರುವ ಸ್ಲಾಟ್ ಮೂಲಕ ಎಳೆದು ತರಬೇಕು, ಆ ಹೊತ್ತಿಗೆ ಚಿತ್ರ ಗಕ್ಕನೆ ನಿಲ್ಲುತ್ತದೆ. ಮತ್ತೆ, ಮಾನಿಟರ್ 60 ಹರ್ಟ್ಸಿನದಾಗಿದ್ದರೆ 150 ಫ್ರೇಮ್ ಬಂದರೂ ಅದು ಸೆಕೆಂಡಿಗೆ ತೋರಿಸುವುದು 60 ಚಿತ್ರ, ಇದನ್ನು ಮರೆತೇ ಎಷ್ಟೋ ಜನ ಕಾರ್ಡ್ ತಗೊಂಡು ಬರುತ್ತಾರೆ.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ನಮ್ಮ ಕಡೆ ಆಫೀಸಿನ ಹಳೇ ಕಂಪ್ಯೂಟರ್ ತಂದು ಅದಕ್ಕೆ ಕಾರ್ಡ್ ಹಾಕುವವರು ಜಾಸ್ತಿ. 1650 ಸುಮಾರು 75 ವ್ಯಾಟ್‌ನಲ್ಲಿ ಮುಗಿಯುತ್ತದೆ, ಅದರ ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ವೈರೇ ಬೇಡ. ಆರ್‌ಟಿಎಕ್ಸ್ 4060 ತಿನ್ನುವುದು 115 ವ್ಯಾಟ್, ಆರ್‌ಎಕ್ಸ್ 6600 ಅಂದರೆ 132. ಎರಡಕ್ಕೂ ಎಸ್‌ಎಂಪಿಎಸ್‌ನಿಂದ ಬೇರೆ ಪವರ್ ವೈರ್ ಬರಬೇಕು, ಆ ಹಳೇ ಡಬ್ಬಿಗಳಲ್ಲಿ ಎಷ್ಟೋ ಸಲ ಆ ವೈರ್ ಇರೋದೇ ಇಲ್ಲ. ಅಗ್ಗದ ಅಡಾಪ್ಟರ್ ಸಿಕ್ಕಿಸಿ ಓಡಿಸಬೇಡಿ, ದಯವಿಟ್ಟು. ಮದರ್‌ಬೋರ್ಡ್ ಹಳೆಯದಾಗಿದ್ದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡವೇ ಬೇಡ: ಅದು ಸ್ಲಾಟಿನ ನಾಲ್ಕೇ ಲೇನ್ (ಮಾಹಿತಿ ಓಡಾಡುವ ದಾರಿ) ಬಳಸುವುದರಿಂದ ಪಿಸಿಐಇ 3 ಎಂಬ ಹಳೇ ತಲೆಮಾರಿನ ಸ್ಲಾಟಿನಲ್ಲಿ ತುಂಬಾ ಸೊರಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೋಬಹುದು, ಆದರೆ ನಿಮ್ಮ ಕಣ್ಣೆದುರೇ ಅರ್ಧ ತಾಸು ಆಟ ಓಡಿಸಿ ತೋರಿಸಿದ ಮೇಲೆ ದುಡ್ಡು ಕೊಡಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಆ ಡಿಜಿಟಲ್ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದಿವೆ.

ಅಂದಹಾಗೆ ಬೆಟಗೇರಿಯ ಹುಡುಗ ಮೊನ್ನೆ ಮತ್ತೆ ಫೋನ್ ಮಾಡಿದ್ದ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ಆಡಬೇಕಂತೆ. ಆ ಆಟಕ್ಕೆ ರೇ ಟ್ರೇಸಿಂಗ್ (ಬೆಳಕು, ನೆರಳು ನಿಜದ ಹಾಗೆ ಲೆಕ್ಕ ಹಾಕುವುದು) ಮಾಡುವ ಯಂತ್ರಾಂಶ ಇರುವ ಕಾರ್ಡೇ ಬೇಕು, 1650ರಲ್ಲಿ ಅದು ಇಲ್ಲ, ಎಷ್ಟು ಒರೆಸಿ ತೊಳೆದರೂ ಬರೋದಿಲ್ಲ. ರ‍್ಯಾಮ್ ಹೇಗೂ 16 ಜಿಬಿ ಆಗಿದೆ, ಪ್ರೊಸೆಸರ್ ಸಾಕು. ಈ ಸಲ ಬದಲಿಸು ಅಂದೆ, ಜೊತೆಗೆ ಎಸ್‌ಎಂಪಿಎಸ್ ಫೋಟೋ ಕಳಿಸು ಅಂದೆ. ಕಳಿಸಿದ್ದಾನೆ. ಅದನ್ನೂ ಬದಲಿಸಬೇಕು.